ಹಿರೋಶಿಮಾದ ನಟ್ಟನಡುವೆ ಮೂರು ರಾತ್ರಿ: ರೀಗಾ ರಾಯಲ್ ಹೋಟೆಲಿನ ವಾಸ

ಜಪಾನಿಗೆ ಹೋಗುವ ನಮ್ಮವರಲ್ಲಿ ಹೆಚ್ಚಿನವರು ಹಿರೋಶಿಮಾದಲ್ಲಿ ರಾತ್ರಿ ತಂಗುವುದಿಲ್ಲ. ಒಸಾಕಾದಿಂದಲೋ ಕ್ಯೋಟೋದಿಂದಲೋ ಬೆಳಗಿನ ಶಿಂಕಾನ್‌ಸೆನ್ ಎಂಬ ಅತಿವೇಗದ ರೈಲು ಹಿಡಿದು ಬಂದು, ಶಾಂತಿ ಸ್ಮಾರಕ ಉದ್ಯಾನವನ್ನೂ ಮಿಯಾಜಿಮಾ ದ್ವೀಪವನ್ನೂ ಒಂದೇ ದಿನದಲ್ಲಿ ಮುಗಿಸಿ, ಕತ್ತಲಾಗುವ ಹೊತ್ತಿಗೆ ಹಿಂದಿರುಗುತ್ತಾರೆ. ನಾನು ಮೊದಲು ಹಾಕಿದ್ದ ಲೆಕ್ಕವೂ ಅದೇ. ಪ್ರವಾಸದ ಪಟ್ಟಿಯನ್ನು ಓದಿ ಹೇಳಿದಾಗ ಅಮ್ಮ, "ಆ ಊರನ್ನು ಮಾತ್ರ ಓಡೋಡುತ್ತ ನೋಡುವುದು ಬೇಡಪ್ಪ, ಎರಡು ದಿನ ಕೂತು ಬರೋಣ" ಎಂದರು. ಆ ಮಾತಿನಿಂದ ಪಟ್ಟಿ ಬದಲಾಯಿತು. ನವೆಂಬರ್ ತಿಂಗಳಿನಲ್ಲಿ ನಾವು ನಾಲ್ವರು, ಎಂದರೆ ಅಮ್ಮ, ನಾನು, ನನ್ನ ಹೆಂಡತಿ ಮತ್ತು ಒಂಬತ್ತನೆಯ ತರಗತಿಯ ಮಗಳು, ಹಿರೋಶಿಮಾ ನಗರದ ಮಧ್ಯದಲ್ಲಿರುವ ರೀಗಾ ರಾಯಲ್ ಹೋಟೆಲಿನಲ್ಲಿ ಮೂರು ರಾತ್ರಿ ಉಳಿದೆವು. ಅಲ್ಲಿ ಉಳಿಯಬೇಕೋ ಬೇಡವೋ ಎಂದು ಯೋಚಿಸುತ್ತಿರುವ ಕನ್ನಡದ ಕುಟುಂಬಗಳಿಗೆ, ಅದರಲ್ಲಿಯೂ ವಯಸ್ಸಾದವರನ್ನು ಕರೆದುಕೊಂಡು ಹೋಗುವವರಿಗೆ, ಉಪಯೋಗವಾಗಲಿ ಎಂದು ಇದನ್ನು ವಿವರವಾಗಿ ಬರೆಯುತ್ತಿದ್ದೇನೆ.

ಮೊದಲು 'ನಗರದ ಮಧ್ಯ' ಎಂದರೆ ಏನು ಎಂಬುದನ್ನು ಹೇಳಬೇಕು, ಏಕೆಂದರೆ ಹೋಟೆಲ್ ಹುಡುಕುವಾಗ ನಾನೇ ಇದರಲ್ಲಿ ಎಡವಿದ್ದೆ. ಜಪಾನಿನ ಊರುಗಳಲ್ಲಿ ಮುಖ್ಯ ರೈಲು ನಿಲ್ದಾಣವೇ ಊರಿನ ನಡುಭಾಗ ಎಂದು ನಾವು ಭಾವಿಸಿಬಿಡುತ್ತೇವೆ. ಹಿರೋಶಿಮಾದಲ್ಲಿ ಹಾಗಿಲ್ಲ. ಶಿಂಕಾನ್‌ಸೆನ್ ನಿಲ್ಲುವ ಹಿರೋಶಿಮಾ ನಿಲ್ದಾಣವು ಊರಿನ ಪೂರ್ವದ ಅಂಚಿನ ಕಡೆಗಿದೆ. ಅಂಗಡಿ ಬೀದಿಗಳು, ಸರ್ಕಾರಿ ಕಚೇರಿಗಳು, ಕೋಟೆ, ಶಾಂತಿ ಉದ್ಯಾನ ಇವೆಲ್ಲ ಅಲ್ಲಿಂದ ಎರಡು ಕಿಲೋಮೀಟರ್ ಆಸುಪಾಸಿನಲ್ಲಿ, ಕಾಮಿಯಾಚೋ ಎಂಬ ಕೂಡುರಸ್ತೆಯ ಸುತ್ತ ಹರಡಿವೆ. ನಿಲ್ದಾಣದ ಬಳಿ ಒಳ್ಳೆಯ, ಅಗ್ಗದ ಬಿಸಿನೆಸ್ ಹೋಟೆಲ್‌ಗಳು ಸಾಕಷ್ಟಿವೆ. ಒಬ್ಬರೇ ಹೋಗುವುದಾದರೆ, ಬೆಳಿಗ್ಗೆ ಹೊರಟು ರಾತ್ರಿ ಮಲಗಲು ಮಾತ್ರ ಬರುವುದಾದರೆ, ಅವು ಸಾಕು. ಆದರೆ ಅಮ್ಮನಿಗೆ ಎಪ್ಪತ್ತೆರಡು ವರ್ಷ, ಮಂಡಿನೋವು ಇದೆ, ಎರಡು ಗಂಟೆ ನಡೆದರೆ ಒಂದು ಗಂಟೆ ಕಾಲು ಚಾಚಿ ಮಲಗಲೇಬೇಕು. ಮಧ್ಯಾಹ್ನ ಕೋಣೆಗೆ ಹಿಂದಿರುಗಿ, ಸಂಜೆ ಮತ್ತೆ ಹೊರಡುವಷ್ಟು ಹತ್ತಿರದಲ್ಲಿ ಹೋಟೆಲ್ ಇರಬೇಕು ಎಂಬ ಒಂದೇ ಕಾರಣಕ್ಕೆ ನಾನು ಹೆಚ್ಚು ಹಣ ಕೊಡಲು ಒಪ್ಪಿದೆ. ನಾವು ಕೊಟ್ಟ ದರವು ನಿಲ್ದಾಣದ ಹತ್ತಿರದ ಹೋಟೆಲ್‌ಗಳಿಗಿಂತ ಹೆಚ್ಚುಕಡಿಮೆ ಎರಡು ಪಟ್ಟು ಇತ್ತು. ಅದಕ್ಕೆ ತಕ್ಕುದು ಸಿಕ್ಕಿತೇ ಎಂಬುದೇ ಈ ಬರಹದ ವಿಷಯ.

ಹೋಟೆಲ್ ಇರುವ ಕಟ್ಟಡಕ್ಕೆ 33 ಮಹಡಿ, ಎತ್ತರ ಸುಮಾರು 150 ಮೀಟರ್. 1994ರಲ್ಲಿ ಇದು ಆರಂಭವಾಯಿತು. ಅದೇ ವರ್ಷ ಅಕ್ಟೋಬರಿನಲ್ಲಿ ಹಿರೋಶಿಮಾದಲ್ಲಿ ಏಷ್ಯನ್ ಕ್ರೀಡಾಕೂಟ ನಡೆದಿತ್ತು. ಭಾರತಕ್ಕೆ ಕಬಡ್ಡಿಯಲ್ಲಿ ಚಿನ್ನ ಬಂದ ಕೂಟ ಅದು. ಕ್ರೀಡಾಕೂಟದ ಸಲುವಾಗಿಯೇ ಕಟ್ಟಿದ ಆಸ್ಟ್ರಾಮ್ ಎಂಬ ನಗರ ರೈಲು ಕೂಡ ಅದೇ ವರ್ಷದ್ದು, ಅದರ ಕೆಂಚೋ-ಮಾಯೆ ನಿಲ್ದಾಣ ಹೋಟೆಲಿನ ಪಕ್ಕದಲ್ಲಿಯೇ ಇದೆ. ಮುಂದಿನ ಹತ್ತು ವರ್ಷ ಇದು ಊರಿನ ಅತಿ ಎತ್ತರದ ಕಟ್ಟಡವಾಗಿತ್ತು. ಈಗ ನಿಲ್ದಾಣದ ಕಡೆ ಇದಕ್ಕಿಂತ ಎತ್ತರದ ವಸತಿ ಗೋಪುರಗಳು ಎದ್ದಿವೆ. ಆದರೂ ಕೋಟೆ ಮತ್ತು ಶಾಂತಿ ಉದ್ಯಾನಗಳ ನಡುವಿನ ಈ ಜಾಗದಲ್ಲಿ ಇದಕ್ಕೆ ಸರಿಸಾಟಿ ಇಲ್ಲವಾದ್ದರಿಂದ ದಾರಿ ತಪ್ಪುವ ಭಯವೇ ಇರಲಿಲ್ಲ. ಮಗಳು ಎಲ್ಲಿ ನಿಂತರೂ ತಲೆ ಎತ್ತಿ ಹೋಟೆಲನ್ನು ಹುಡುಕಿ ದಿಕ್ಕು ಹೇಳುತ್ತಿದ್ದಳು.

ನಾವು ಕ್ಯೋಟೋದಿಂದ ಬಂದೆವು; ನೊಝೊಮಿ ಎಂಬ ಶಿಂಕಾನ್‌ಸೆನ್ ರೈಲಿನಲ್ಲಿ ಒಂದು ಗಂಟೆ ನಲವತ್ತು ನಿಮಿಷದಷ್ಟು ದಾರಿ. ದೊಡ್ಡ ಪೆಟ್ಟಿಗೆಗಳನ್ನು ಹಿಂದಿನ ದಿನವೇ ಟಕ್ಯುಬಿನ್ ಎಂಬ ಸಾಮಾನು ಸಾಗಣೆ ಸೇವೆಯ ಮೂಲಕ ಹೋಟೆಲಿನ ವಿಳಾಸಕ್ಕೆ ಕಳುಹಿಸಿದ್ದೆವು. ಜಪಾನಿನಲ್ಲಿ ಒಂದು ಹೋಟೆಲಿನ ಕೌಂಟರಿನಿಂದ ಇನ್ನೊಂದು ಹೋಟೆಲಿನ ಕೌಂಟರಿಗೆ ಪೆಟ್ಟಿಗೆ ಕಳುಹಿಸುವುದು ನಿತ್ಯದ ವ್ಯವಹಾರ. ಹಿರಿಯರೊಡನೆ ಹೋಗುವವರು ಈ ಸೌಕರ್ಯವನ್ನು ಖಂಡಿತ ಬಳಸಬೇಕು, ಏಕೆಂದರೆ ಶಿಂಕಾನ್‌ಸೆನ್‌ನಲ್ಲಿ ಉದ್ದ, ಅಗಲ, ಎತ್ತರಗಳ ಮೊತ್ತ 160 ಸೆಂಟಿಮೀಟರ್ ಮೀರಿದ ಪೆಟ್ಟಿಗೆಗೆ ಬೇರೆಯಾಗಿ ಜಾಗ ಕಾಯ್ದಿರಿಸಬೇಕಾಗುತ್ತದೆ. ಹೀಗಾಗಿ ಕೈಚೀಲಗಳೊಡನೆ ಹಗುರವಾಗಿ ಇಳಿದ ನಾವು ಟ್ರಾಮ್ ಹತ್ತಿದೆವು. 2025ರ ಆಗಸ್ಟ್‌ನಿಂದ ಟ್ರಾಮ್ ಹಳಿಯು ಸೇತುವೆಯ ಮೇಲೇರಿ ನಿಲ್ದಾಣದ ಹೊಸ ಕಟ್ಟಡದ ಎರಡನೆಯ ಮಹಡಿಯೊಳಕ್ಕೇ ಬರುತ್ತದೆ. ರೈಲಿನಿಂದ ಇಳಿದವರು ಬೀದಿಗೆ ಇಳಿಯದೆ, ಮಳೆಯಲ್ಲಿ ನೆನೆಯದೆ ಟ್ರಾಮ್ ಏರಬಹುದು. ಮಂಡಿನೋವಿನವರಿಗೆ ಇದು ಸಣ್ಣ ಅನುಕೂಲವಲ್ಲ. ಕಾಮಿಯಾಚೋದಲ್ಲಿ ಇಳಿದು ನಾಲ್ಕೈದು ನಿಮಿಷ ನಡೆದರೆ ಹೋಟೆಲ್. ವಿಮಾನದಲ್ಲಿ ಬರುವವರಿಗೆ ಇನ್ನೂ ಸುಲಭ: ವಿಮಾನ ನಿಲ್ದಾಣದ ಬಸ್ಸು ಬಂದು ನಿಲ್ಲುವ ಹಿರೋಶಿಮಾ ಬಸ್ ಸೆಂಟರ್ ಇದರ ಪಕ್ಕದ ಡಿಪಾರ್ಟ್‌ಮೆಂಟ್ ಸ್ಟೋರಿನ ಮೂರನೆಯ ಮಹಡಿಯಲ್ಲಿದೆ.

ಕೋಣೆಗಳ ವಿಷಯದಲ್ಲಿ ಒಂದು ತೊಡಕಾಯಿತು. ನಾವು ಮುಂಗಡ ಕಾಯ್ದಿರಿಸಿದ್ದು ಒಂದು ಮಧ್ಯವರ್ತಿ ಜಾಲತಾಣದ ಮೂಲಕ. ಅದರ ಪುಟದಲ್ಲಿ ಎರಡು ಕೋಣೆಗಳೂ ಒಂದೇ ಬದಿಗೆ, ಅಕ್ಕಪಕ್ಕದಲ್ಲಿ ಇರುತ್ತವೆ ಎಂದು ನಮೂದಾಗಿತ್ತು. ಆದರೆ ಆ ಕೋರಿಕೆ ಹೋಟೆಲಿಗೆ ತಲುಪಿಯೇ ಇರಲಿಲ್ಲ. ಕೌಂಟರಿನಲ್ಲಿದ್ದ ಯುವತಿ ನಮ್ಮ ಪಾಸ್‌ಪೋರ್ಟುಗಳ ನಕಲು ತೆಗೆದುಕೊಳ್ಳುತ್ತ ಇದನ್ನು ಕೇಳಿ, ತನ್ನದಲ್ಲದ ತಪ್ಪಿಗೆ ತಲೆಬಾಗಿ, ಒಂದೇ ಮಹಡಿಯಲ್ಲಿ ಎರಡು ಕೋಣೆ ಕೊಡಬಲ್ಲೆ, ಆದರೆ ಒಂದು ಕೋಟೆಯ ಕಡೆಗೂ ಇನ್ನೊಂದು ಊರು ಮತ್ತು ನದಿಯ ಕಡೆಗೂ ಮುಖ ಮಾಡಿರುತ್ತದೆ ಎಂದಳು. ಆಗ ಸ್ವಲ್ಪ ಬೇಸರವಾಯಿತಾದರೂ, ಈಗ ನೋಡಿದರೆ ನಮಗೆ ಇದಕ್ಕಿಂತ ಒಳ್ಳೆಯದು ಆಗುವುದು ಸಾಧ್ಯವಿರಲಿಲ್ಲ. ಎರಡು ದಿಕ್ಕಿನಿಂದಲೂ ಊರನ್ನು ನೋಡುವ ಅವಕಾಶ ಒಂದೇ ವಾಸದಲ್ಲಿ ದೊರೆಯಿತು. ಅಮ್ಮ ಮತ್ತು ಮಗಳು ಕೋಟೆಯ ಕಡೆಯ ಕೋಣೆಯನ್ನು ಆರಿಸಿಕೊಂಡರು.

ಕೋಣೆಯ ಬಗ್ಗೆ ಹೇಳುವುದು ಹೆಚ್ಚಿಲ್ಲ. ಎರಡು ಹಾಸಿಗೆ, ಕಿಟಕಿಯ ಬಳಿ ಎರಡು ಕುರ್ಚಿ, ಒಂದು ಮೇಜು. ಪೆಟ್ಟಿಗೆಯನ್ನು ನೆಲದ ಮೇಲೆ ಬಿಚ್ಚಿಟ್ಟರೂ ಓಡಾಡಲು ಜಾಗವಿತ್ತು, ಇದು ಜಪಾನಿನ ಅಗ್ಗದ ಹೋಟೆಲ್‌ಗಳಲ್ಲಿ ಉಳಿದವರಿಗೆ ಬೆಲೆ ಗೊತ್ತಿರುವ ಸಂಗತಿ. ಬಿಸಿನೀರಿನ ಕೆಟಲ್, ಹಸಿರು ಚಹಾದ ಪೊಟ್ಟಣ, ರಾತ್ರಿಯುಡುಪು, ಮೆತ್ತನೆಯ ಚಪ್ಪಲಿ ಎಲ್ಲವೂ ಇದ್ದವು. ನೀರು ಚಿಮ್ಮುವ ಕಮೋಡ್ ಜಪಾನಿನಲ್ಲಿ ಎಲ್ಲೆಡೆ ಇರುವುದರಿಂದ ನಮ್ಮ ಹಿರಿಯರಿಗೆ ಐರೋಪ್ಯ ದೇಶಗಳಲ್ಲಿ ಆಗುವ ಕಷ್ಟ ಇಲ್ಲಿ ಆಗುವುದಿಲ್ಲ. ವಿದ್ಯುತ್ತು 100 ವೋಲ್ಟ್, ಎರಡು ಚಪ್ಪಟೆ ಕಡ್ಡಿಯ ಪ್ಲಗ್; ಅಡಾಪ್ಟರ್ ಒಯ್ಯಬೇಕು. ಇಷ್ಟು ಎತ್ತರದ ಕಟ್ಟಡಗಳಲ್ಲಿ ಕಿಟಕಿ ತೆರೆಯಲು ಬರುವುದಿಲ್ಲ ಎಂಬುದನ್ನು, ಫ್ಯಾನಿನ ಗಾಳಿಗೂ ತೆರೆದ ಕಿಟಕಿಗೂ ಒಗ್ಗಿಕೊಂಡವರು ಮೊದಲೇ ತಿಳಿದಿರುವುದು ಒಳ್ಳೆಯದು.

ಇನ್ನು ಕಿಟಕಿಗಳ ವಿಷಯ. ಈ ಹೋಟೆಲಿಗೆ ನಾನು ಹಣ ಕೊಟ್ಟದ್ದು ನಡೆದಾಡುವ ಅನುಕೂಲಕ್ಕೆ. ಆದರೆ ನನಗೆ ಸಿಕ್ಕ ನಿಜವಾದ ಬೆಲೆ ಎತ್ತರದ್ದು. ಅದು ಬರೀ ಸುಂದರ ನೋಟವಾಗಿದ್ದರೆ ಎರಡು ಸಾಲಿನಲ್ಲಿ ಮುಗಿಸುತ್ತಿದ್ದೆ. ಹಿರೋಶಿಮಾವನ್ನು ನೆಲದ ಮೇಲೆ ನಿಂತು ನೋಡಿದರೆ ಅರ್ಥವಾಗದ ಕೆಲವು ಸಂಗತಿಗಳು ಮೇಲಿನಿಂದ ನೋಡಿದಾಗ, ಯಾರೂ ವಿವರಿಸದೆಯೇ, ಸ್ಪಷ್ಟವಾಗುತ್ತವೆ.

ಕೋಟೆಯ ಕಡೆಯ ಕಿಟಕಿಯಿಂದ ಆರಂಭಿಸುತ್ತೇನೆ. ಕೆಳಗೆ ಅಗಲವಾದ ಕಂದಕ, ಅದರ ನೀರಿನಲ್ಲಿ ಮರಗಳ ನೆರಳು, ಮರಗಳ ನಡುವೆ ಐದು ಅಂತಸ್ತಿನ ಕಪ್ಪು ಬಣ್ಣದ ಗೋಪುರ. ಮೋರಿ ತೆರುಮೊತೊ ಎಂಬ ಪಾಳೆಯಗಾರ 1589ರಲ್ಲಿ ಇಲ್ಲಿ ಕೋಟೆಯ ಕೆಲಸ ಆರಂಭಿಸಿದ. ಅಂದಿನ ಗೋಪುರ 1945ರವರೆಗೂ ನಿಂತಿತ್ತು. ಈಗ ಕಾಣುವುದು 1958ರಲ್ಲಿ ಮತ್ತೆ ಕಟ್ಟಿದ್ದು. ಕೋಟೆಯ ಸುತ್ತಲಿನ ಈ ಭಾಗಕ್ಕೆ ಮೊತೊಮಾಚಿ ಎಂದು ಹೆಸರು. ಹೋಟೆಲ್ ನಿಂತಿರುವುದೂ ಮೊತೊಮಾಚಿಯಲ್ಲಿಯೇ. ಯುದ್ಧಕ್ಕೆ ಮುಂಚೆ ಇಲ್ಲಿ ಸೈನ್ಯದ ಕಚೇರಿಗಳೂ ಕವಾಯತಿನ ಮೈದಾನಗಳೂ ಇದ್ದವು. ಯುದ್ಧ ಮುಗಿದ ಮೇಲೆ ಮನೆ ಕಳೆದುಕೊಂಡವರು ಇದೇ ನೆಲದಲ್ಲಿ ತಾತ್ಕಾಲಿಕ ಗುಡಿಸಲುಗಳನ್ನು ಹಾಕಿಕೊಂಡು ಎರಡು ದಶಕಗಳಿಗೂ ಹೆಚ್ಚು ಕಾಲ ಬದುಕಿದರು. ಅವರಿಗಾಗಿ ವಾಸ್ತುಶಿಲ್ಪಿ ಓಟಾಕಾ ಮಸಾಟೊ ರೂಪಿಸಿದ, 1978ರಲ್ಲಿ ಪೂರ್ಣಗೊಂಡ ಮೊತೊಮಾಚಿ ವಸತಿ ಸಂಕೀರ್ಣವು ಕೋಟೆಯ ಎಡಕ್ಕೆ, ಅಂಕುಡೊಂಕಾಗಿ ಮಡಿಚಿಟ್ಟ ಪರದೆಯಂತೆ ಕಾಣುತ್ತದೆ. ಅದರ ಈಚೆಗೆ 2024ರ ಫೆಬ್ರುವರಿಯಲ್ಲಿ ತೆರೆದ ಹೊಸ ಫುಟ್‌ಬಾಲ್ ಕ್ರೀಡಾಂಗಣ, ಎಡಿಯಾನ್ ಪೀಸ್ ವಿಂಗ್, ಬಿಳಿಯ ರೆಕ್ಕೆ ಹರಡಿ ಕುಳಿತಿದೆ. ಕೋಟೆ, ಕವಾಯತು ಮೈದಾನದ ಜಾಗ, ಗುಡಿಸಲುಗಳ ಜಾಗದಲ್ಲಿ ಎದ್ದ ಮನೆಗಳು, ಕ್ರೀಡಾಂಗಣ: ನಾನೂರು ವರ್ಷಗಳ ಕಥೆಯನ್ನು ಅಮ್ಮ ಒಂದೇ ಕಿಟಕಿಯಲ್ಲಿ ನೋಡಬಹುದಾಗಿತ್ತು.

ನಮ್ಮ ಕೋಣೆಯ ಕಿಟಕಿ ಇನ್ನೊಂದು ಕಡೆಗಿತ್ತು. ಅಲ್ಲಿಂದ ಮೊದಲು ಕಣ್ಣಿಗೆ ಬೀಳುವುದು ನದಿ. ಓಟಾ ನದಿಯು ಸಮುದ್ರ ಸೇರುವ ಮುನ್ನ ಕವಲೊಡೆದು ಬೆರಳುಗಳಂತೆ ಹರಡುತ್ತದೆ. ಆ ಬೆರಳುಗಳ ನಡುವಿನ ಮೆಕ್ಕಲು ನೆಲದ ಮೇಲೆಯೇ ಇಡೀ ಹಿರೋಶಿಮಾ ಕೂತಿದೆ. ನಡೆಯುವಾಗ ಇಲ್ಲಿ ಏಕೆ ಇಷ್ಟು ಸೇತುವೆಗಳು ಎಂದು ಗೊಂದಲವಾಗುತ್ತದೆ. ಮೇಲಿನಿಂದ ಅದು ಅಂಗೈ ಗೆರೆಯಷ್ಟು ಸರಳ. ಸಮುದ್ರದ ಉಬ್ಬರ ಇಳಿತ ಊರಿನ ಒಳಗಿನವರೆಗೂ ಬರುವುದರಿಂದ ಬೆಳಿಗ್ಗೆ ದಡದ ಕಲ್ಲಿನ ಮೆಟ್ಟಿಲುಗಳನ್ನು ಮುಟ್ಟುವಂತಿದ್ದ ನೀರು ಮಧ್ಯಾಹ್ನಕ್ಕೆ ಕೆಳಗಿಳಿದು ಕೆಸರಿನ ತಳ ತೋರಿಸುತ್ತಿತ್ತು. ಮಗಳು ಅದನ್ನು ಗಂಟೆಗೊಮ್ಮೆ ಬಂದು ನೋಡುತ್ತಿದ್ದಳು.

ನದಿ ಎರಡಾಗುವ ಜಾಗದಲ್ಲಿ ಐಓಯಿ ಸೇತುವೆ ಇದೆ. ಅದು ಇಂಗ್ಲಿಷಿನ ಟೀ ಅಕ್ಷರದ ಆಕಾರದ್ದು: ಒಂದು ತೋಳು ನದಿಯನ್ನು ಅಡ್ಡ ದಾಟುತ್ತದೆ, ಇನ್ನೊಂದು ನಡುವಿನಿಂದ ಹೊರಟು ಶಾಂತಿ ಉದ್ಯಾನವಿರುವ ನಡುಗಡ್ಡೆಯ ತುದಿಗೆ ಇಳಿಯುತ್ತದೆ. 1945ರ ಆಗಸ್ಟ್ 6ರಂದು ಅಣುಬಾಂಬು ಹಾಕಿದ ವಿಮಾನದವರು ಗುರಿಯಿಟ್ಟದ್ದು ಈ ಸೇತುವೆಗೆ ಎಂದು ಪುಸ್ತಕಗಳಲ್ಲಿ ಓದಿದ್ದೆ. ಈಗಿನದು ಮತ್ತೆ ಕಟ್ಟಿದ ಸೇತುವೆ, ಆದರೆ ಆಕಾರ ಅದೇ. ಅದರ ಮೇಲೆ ನಡೆದುಹೋಗುವಾಗ ಆ ಆಕಾರ ಗೊತ್ತಾಗುವುದಿಲ್ಲ, ಒಂದು ಸಾಮಾನ್ಯ ಟ್ರಾಮ್ ಸೇತುವೆಯಂತೆಯೇ ಇದೆ. ಹೋಟೆಲಿನ ಕಿಟಕಿಯಿಂದ ನೋಡಿದ ಕೂಡಲೇ, ಆಕಾಶದಿಂದ ನೋಡುವವನಿಗೆ ಇಡೀ ಊರಿನಲ್ಲಿ ಇದಕ್ಕಿಂತ ಸ್ಪಷ್ಟವಾದ ಗುರುತು ಇನ್ನೊಂದಿರಲಿಲ್ಲ ಎಂಬುದು ಮನಸ್ಸಿಗೆ ಹೊಳೆದು ಮೈ ತಣ್ಣಗಾಯಿತು. ಸೇತುವೆಯ ಪಕ್ಕದಲ್ಲಿಯೇ ಬಾಂಬ್ ಗುಮ್ಮಟ. ಚೆಕ್ ವಾಸ್ತುಶಿಲ್ಪಿ ಯಾನ್ ಲೆಟ್ಜೆಲ್ ರೂಪಿಸಿ 1915ರಲ್ಲಿ ಮುಗಿದ ಆ ವಸ್ತುಪ್ರದರ್ಶನ ಭವನದ ಅಸ್ಥಿಪಂಜರವು, 1996ರಿಂದ ವಿಶ್ವ ಪರಂಪರೆಯ ತಾಣ, ನಮ್ಮ ಮಹಡಿಯಿಂದ ಅಂಗೈಯಲ್ಲಿ ಹಿಡಿಯಬಹುದಾದಷ್ಟು ಚಿಕ್ಕದಾಗಿ ಕಾಣುತ್ತಿತ್ತು.

ಆ ರಾತ್ರಿ ನಾನು ಒಂದು ಲೆಕ್ಕ ಹಾಕಿದೆ. ಬಾಂಬು ಸಿಡಿದದ್ದು ನೆಲದಿಂದ ಸುಮಾರು 600 ಮೀಟರ್ ಮೇಲೆ. ನಾವಿದ್ದ ಕಟ್ಟಡದ ಒಟ್ಟು ಎತ್ತರ ಅದರ ಕಾಲುಭಾಗ. ಸಿಡಿತದ ನೇರ ಕೆಳಗಿನ ಸ್ಥಳದಿಂದ ಹೋಟೆಲ್ ಇರುವ ನೆಲಕ್ಕೆ ಅರ್ಧ ಕಿಲೋಮೀಟರಿನಷ್ಟೂ ದೂರವಿಲ್ಲ. ನಾವು ಹಾಸಿಗೆಯಲ್ಲಿ ಮಲಗಿ ನೋಡುತ್ತಿದ್ದ ಆ ಕಿಟಕಿಯಾಚೆಯ ಗಾಳಿಯಲ್ಲಿ, ಇನ್ನೂ ಮೂರು ಹೋಟೆಲ್‌ಗಳನ್ನು ಒಂದರ ಮೇಲೊಂದು ನಿಲ್ಲಿಸಿದರೆ ಮುಟ್ಟುವ ಎತ್ತರದಲ್ಲಿ ಅದು ನಡೆಯಿತು. 1945ರ ಕೊನೆಯ ಹೊತ್ತಿಗೆ ಸತ್ತವರು ಸುಮಾರು 1,40,000. ಈ ಅಂಕಿಗಳನ್ನು ಶಾಲೆಯಲ್ಲಿ ಕಲಿತಿದ್ದೆ, ಮಗಳಿಗೂ ಕಲಿಸಿದ್ದೆ. ಅವುಗಳಿಗೆ ಒಂದು ಎತ್ತರ, ಒಂದು ದೂರ, ಒಂದು ದಿಕ್ಕು ಇದೆ ಎಂಬುದು ತಿಳಿದದ್ದು ಆ ಕಿಟಕಿಯಲ್ಲಿ. ಅಲ್ಲಿಂದ ಕಾಣುವ ಯಾವ ಮನೆಯೂ, ಯಾವ ಅಂಗಡಿಯೂ 1945ಕ್ಕಿಂತ ಹಳೆಯದಲ್ಲವೆನ್ನಿಸುವಷ್ಟು ಎಲ್ಲವೂ ಹೊಸದು, ಮತ್ತು ಆ ಹೊಸತನದ ನಡುವೆ ಟ್ರಾಮುಗಳು ದೀಪ ಹೊತ್ತಿಸಿಕೊಂಡು ನಿಧಾನವಾಗಿ ಹರಿಯುತ್ತಿದ್ದವು. ಬಾಂಬು ಬಿದ್ದ ಮೂರನೆಯ ದಿನವೇ, ಆಗಸ್ಟ್ 9ರಂದು, ಒಂದು ಭಾಗದಲ್ಲಿ ಟ್ರಾಮ್ ಮತ್ತೆ ಓಡಿತ್ತು ಎಂಬುದನ್ನು ನೆನೆದು ನಾನು ಬಹಳ ಹೊತ್ತು ಪರದೆ ಎಳೆಯದೆ ಕುಳಿತಿದ್ದೆ.

ಹೋಟೆಲಿನಿಂದ ನಡೆದುಹೋಗುವ ದಾರಿಗಳ ಬಗ್ಗೆ ಹೇಳುತ್ತೇನೆ, ಏಕೆಂದರೆ ಸ್ಥಳದ ಬೆಲೆ ಅಲ್ಲಿಯೇ ಗೊತ್ತಾಗುವುದು. ಮೊದಲ ಬೆಳಿಗ್ಗೆ ಅಮ್ಮನ ನಡಿಗೆಯಲ್ಲಿ ಹತ್ತು ಹನ್ನೆರಡು ನಿಮಿಷಕ್ಕೆ ಗುಮ್ಮಟ ತಲುಪಿದೆವು. ನದಿಯ ದಂಡೆಯಲ್ಲಿ, ಉದ್ಯಾನಕ್ಕೆ ಸಮೀಪವಾಗಿ, ಮಹಾತ್ಮ ಗಾಂಧಿಯವರ ಪ್ರತಿಮೆಯಿದೆ. 2023ರ ಮೇ ತಿಂಗಳಿನಲ್ಲಿ ಜಿ-7 ಶೃಂಗಸಭೆಗೆ ಬಂದಾಗ ನಮ್ಮ ಪ್ರಧಾನಿ ಅನಾವರಣಗೊಳಿಸಿದ್ದು. ಅಮ್ಮ ಅಲ್ಲಿ ಚಪ್ಪಲಿ ಬಿಟ್ಟು ನಿಂತು ಕೈಮುಗಿದರು. ಉದ್ಯಾನವನ್ನೂ ಅದರೊಳಗಿನ ವಸ್ತುಸಂಗ್ರಹಾಲಯವನ್ನೂ ರೂಪಿಸಿದವರು ಕೆಂಝೊ ಟಾಂಗೆ. ಸಂಗ್ರಹಾಲಯ 1955ರಲ್ಲಿ ತೆರೆಯಿತು. ಸಂಗ್ರಹಾಲಯದಲ್ಲಿ ಒಂದೂವರೆ ಗಂಟೆ ಕಳೆದು ಹೊರಬಂದಾಗ ಅಮ್ಮನಿಗಾಗಲೀ ಮಗಳಿಗಾಗಲೀ ಮುಂದೆ ಏನನ್ನೂ ನೋಡುವ ಮನಸ್ಸಿರಲಿಲ್ಲ. ದಿನದ ಪ್ರವಾಸಕ್ಕೆ ಬಂದವರು ಆ ಕ್ಷಣದಲ್ಲಿ ದೋಣಿ ಹಿಡಿಯಲು ಓಡುತ್ತಿದ್ದರು. ನಾವು ನಡೆದುಕೊಂಡು ಕೋಣೆಗೆ ಬಂದೆವು. ಮಗಳು ಅಜ್ಜಿಯ ಪಕ್ಕದಲ್ಲಿ ಮಲಗಿ ಏನೂ ಮಾತನಾಡದೆ ಕೋಟೆಯ ಕಡೆಗೆ ನೋಡುತ್ತಿದ್ದಳು. ಒಂದು ಗಂಟೆಯ ನಂತರ ಎದ್ದು ಪ್ರಶ್ನೆಗಳನ್ನು ಕೇಳಲು ಆರಂಭಿಸಿದಳು. ಆ ಒಂದು ಗಂಟೆಗಾಗಿ ನಾನು ಕೊಟ್ಟ ಹೆಚ್ಚಿನ ಹಣದ ಬಗ್ಗೆ ನನಗೆ ಯಾವ ಬೇಸರವೂ ಇಲ್ಲ.

ಸಂಜೆ ಐದಕ್ಕೆಲ್ಲ ಕತ್ತಲಾಗುವ ಕಾಲವದು, ಆದ್ದರಿಂದ ನಾಲ್ಕು ಗಂಟೆಗೆ ಕೋಟೆಯ ಕಡೆ ಹೊರಟೆವು. ಕಂದಕ ದಾಟಿ ಒಳಗೆ ಹೋದರೆ, ಎರಡನೆಯ ಆವರಣದಲ್ಲಿ ಒಂದು ನೀಲಗಿರಿ ಮರವಿದೆ. ಸಿಡಿತದ ಕೇಂದ್ರದಿಂದ ಮುಕ್ಕಾಲು ಕಿಲೋಮೀಟರಿನಷ್ಟೇ ದೂರದಲ್ಲಿದ್ದು, ಸುಟ್ಟು, ಮತ್ತೆ ಚಿಗುರಿದ ಮರ ಅದು. ಹೀಗೆ ಬದುಕುಳಿದ ಮರಗಳಿಗೆ ಹಿಬಾಕುಜುಮೊಕು ಎಂಬ ಹೆಸರಿನ ಹಳದಿ ಫಲಕ ಹಾಕಿದ್ದಾರೆ. ನಮ್ಮ ಕಡೆ ನೀಲಗಿರಿ ಎಂದರೆ ನೆಲದ ನೀರು ಹೀರುವ ಮರವೆಂದು ಬೈಯುವುದೇ ರೂಢಿ. ಅಮ್ಮ ಆ ಮರದ ಬೊಡ್ಡೆಯನ್ನು ಬಹಳ ಹೊತ್ತು ನೋಡಿ, ಕೋಣೆಗೆ ಬಂದ ಮೇಲೆ ಕಿಟಕಿಯಿಂದ ಅದು ಎಲ್ಲಿದೆ ಎಂದು ಹುಡುಕಿದರು. ಆಮೇಲೆ ಉಳಿದ ಎರಡು ದಿನವೂ ಬೆಳಗಿನ ಚಹಾ ಹಿಡಿದು ಮೊದಲು ಹೋಗಿ ನಿಲ್ಲುತ್ತಿದ್ದದ್ದು ಆ ಕಿಟಕಿಯ ಬಳಿಯೇ.

ಊಟದ ವಿಷಯಕ್ಕೆ ಬರುತ್ತೇನೆ. ಶುದ್ಧ ಸಸ್ಯಾಹಾರಿಗಳಿಗೆ ಹಿರೋಶಿಮಾ ಸುಲಭದ ಊರಲ್ಲ. ಸಮುದ್ರದ ಊರಿದು, ಸಿಂಪಿಯ ಖಾದ್ಯಕ್ಕೆ ಪ್ರಸಿದ್ಧ, ಮತ್ತು ಜಪಾನಿನ ಎಲ್ಲ ಕಡೆಯಂತೆ ಇಲ್ಲಿಯೂ ಸಾರು, ಸೂಪು, ಬೇಯಿಸಿದ ತರಕಾರಿ ಎಲ್ಲದರ ತಳದಲ್ಲಿ ದಾಶಿ ಇರುತ್ತದೆ. ಒಣಗಿಸಿದ ಮೀನಿನ ಚಕ್ಕೆಯನ್ನೂ ಕಡಲಕಳೆಯನ್ನೂ ಕುದಿಸಿ ತೆಗೆದ ರಸವದು. ಹೋಟೆಲಿನ ಬೆಳಗಿನ ಉಪಾಹಾರ ಬಫೆ ಪದ್ಧತಿಯದು, ಜಪಾನೀ ಮತ್ತು ಪಾಶ್ಚಾತ್ಯ ತಿನಿಸುಗಳು ಎರಡೂ ಇದ್ದವು. ಮಿಸೊ ಸೂಪನ್ನು ಜಪಾನಿನ ಯಾವ ಹೋಟೆಲಿನಲ್ಲಿಯೇ ಆಗಲಿ ಸಸ್ಯಾಹಾರಿಗಳು ಕೇಳದೆ ಮುಟ್ಟಬಾರದು. ಅಮ್ಮನಿಗೆ ಬಿಳಿ ಅನ್ನ, ಮೊಸರು, ಹಣ್ಣು, ಬ್ರೆಡ್ಡು, ಸಲಾಡು ಸಿಕ್ಕವು. ಊರಿನಿಂದ ತಂದ ಚಟ್ನಿಪುಡಿಯನ್ನು ಅನ್ನ ಮೊಸರಿಗೆ ಬೆರೆಸಿಕೊಂಡು ಹೊಟ್ಟೆ ತುಂಬ ತಿಂದರು.

ಎರಡನೆಯ ದಿನ ಮಧ್ಯಾಹ್ನ ಹೊರಗಿನ ಒಂದು ಉಪಾಹಾರ ಗೃಹದಲ್ಲಿ 'ನಿಕು ನಾಶಿ', ಎಂದರೆ ಮಾಂಸ ಬೇಡ, ಎಂದು ಕಲಿತಿದ್ದ ಮಾತನ್ನು ಹೇಳಿ ನೂಡಲ್ಸ್ ತರಿಸಿದೆವು. ಬಟ್ಟಲಿನ ಮೇಲೆ ಮೀನಿನ ಚಕ್ಕೆಗಳು ಬಿಸಿಗೆ ಅಲುಗಾಡುತ್ತಿದ್ದವು. ಜಪಾನೀ ಭಾಷೆಯಲ್ಲಿ 'ನಿಕು' ಎಂಬ ಮಾತಿನೊಳಗೆ ಮೀನು ಬರುವುದಿಲ್ಲ. ಅವರು ಕೇಳಿದಂತೆಯೇ ಕೊಟ್ಟಿದ್ದರು, ಅರಿವಿಲ್ಲದ್ದು ನಮಗೆ. ಈ ವಿಷಯವನ್ನು ಹೋಟೆಲಿನ ಕೌಂಟರಿನಲ್ಲಿ ಹೇಳಿದಾಗ ಅಲ್ಲಿದ್ದವರು ಒಂದು ಕಾಗದದ ಮೇಲೆ ಮಾಂಸ, ಮೀನು, ಮೊಟ್ಟೆ, ಮೀನಿನ ರಸ ಯಾವುದೂ ಬೇಡ ಎಂದು ಜಪಾನೀ ಲಿಪಿಯಲ್ಲಿ ಸ್ಪಷ್ಟವಾಗಿ ಬರೆದುಕೊಟ್ಟರು. ಉಳಿದ ಪ್ರವಾಸದುದ್ದಕ್ಕೂ ಆ ಚೀಟಿಯೇ ನಮ್ಮನ್ನು ಕಾಪಾಡಿತು. ಸಸ್ಯಾಹಾರಿಗಳು ತಾವು ಇಳಿಯುವ ಮೊದಲ ಹೋಟೆಲಿನಲ್ಲಿಯೇ ಇಂಥ ಚೀಟಿ ಬರೆಸಿಕೊಳ್ಳಬೇಕು.

ಹೋಟೆಲಿನ ಪಕ್ಕದ ಡಿಪಾರ್ಟ್‌ಮೆಂಟ್ ಸ್ಟೋರಿನ ನೆಲಮಾಳಿಗೆಯಲ್ಲಿ ಆಹಾರದ ಅಂಗಡಿಗಳಿವೆ. ನವೆಂಬರಿನಲ್ಲಿ ಕಾಕಿ ಹಣ್ಣು ಮತ್ತು ಮಿಕಾನ್ ಕಿತ್ತಳೆ ಧಾರಾಳ. ಹಿರೋಶಿಮಾ ಪ್ರಾಂತ್ಯವು ಜಪಾನಿನಲ್ಲಿಯೇ ಅತಿ ಹೆಚ್ಚು ನಿಂಬೆ ಬೆಳೆಯುವ ಪ್ರದೇಶವಾದ್ದರಿಂದ ನಿಂಬೆಯ ತಿನಿಸುಗಳೂ ಹೇರಳ. ನಾವು ಹಣ್ಣನ್ನೂ ಬಿಳಿ ಅನ್ನವನ್ನೂ ತಂದು, ಕೆಟಲಿನ ಬಿಸಿನೀರಿನಲ್ಲಿ ತೆಳು ಅವಲಕ್ಕಿ ನೆನೆಸಿ ಗೊಜ್ಜಿನ ಪುಡಿ ಕಲಸಿ, ಎರಡು ರಾತ್ರಿಯ ಊಟವನ್ನು ಕಿಟಕಿಯ ಬಳಿಯ ಮೇಜಿನ ಮೇಲೆಯೇ ಮುಗಿಸಿದೆವು. ಮೇಪಲ್ ಎಲೆಯಾಕಾರದ ಮೊಮಿಜಿ ಮಂಜೂ ಎಂಬ ಊರಿನ ಸಿಹಿಯೊಳಗೆ ಅಜುಕಿ ಎಂಬ ಕೆಂಪು ಕಾಳಿನ ಸಿಹಿ ಹೂರಣವಿರುತ್ತದೆ, ಆದರೆ ಹೊರಗಿನ ಹಿಟ್ಟಿಗೆ ಮೊಟ್ಟೆ ಹಾಕುತ್ತಾರೆ ಎಂಬುದು ಮೊಟ್ಟೆ ತಿನ್ನದವರಿಗೆ ತಿಳಿದಿರಲಿ. ಮೊಟ್ಟೆ ತಿನ್ನುವ ನಾನೂ ಮಗಳೂ ಒಂದು ಸಂಜೆ ಹಿರೋಶಿಮಾ ಶೈಲಿಯ ಒಕೊನೊಮಿಯಾಕಿ ತಿಂದೆವು: ದೋಸೆಗಿಂತ ತೆಳುವಾದ ಹಿಟ್ಟಿನ ಹಾಳೆ, ಅದರ ಮೇಲೆ ಬೆಟ್ಟದಷ್ಟು ಎಲೆಕೋಸು, ನೂಡಲ್ಸ್, ಮೊಟ್ಟೆ. ಹಂದಿಮಾಂಸವನ್ನು ಬಿಟ್ಟು ಮಾಡಿಕೊಡುತ್ತಾರೆ. ಯುದ್ಧಾನಂತರದ ಬಡತನದಲ್ಲಿ ಗೋಧಿಹಿಟ್ಟನ್ನೇ ನೆಚ್ಚಿ ಬೆಳೆದ ತಿಂಡಿಯಿದು ಎಂದು ಕೇಳಿದ ಮೇಲೆ ಮಗಳು ತಟ್ಟೆಯಲ್ಲಿ ಒಂದು ಎಳೆ ಎಲೆಕೋಸನ್ನೂ ಬಿಡಲಿಲ್ಲ.

ಎತ್ತರದ ಹೋಟೆಲಿನಲ್ಲಿ ಭೂಕಂಪದ ಭಯ ಅಮ್ಮನಿಗಿತ್ತು. ಅದು ನಿರಾಧಾರವೂ ಅಲ್ಲ, 2001ರ ಮಾರ್ಚ್ 24ರಂದು ಗೇಯೋ ಭೂಕಂಪ ಈ ಪ್ರದೇಶವನ್ನು ಜೋರಾಗಿಯೇ ಅಲುಗಿಸಿತ್ತು. ಜಪಾನಿನ ಎತ್ತರದ ಕಟ್ಟಡಗಳನ್ನು ನಡುಕವನ್ನು ತಾಳಿಕೊಳ್ಳುವಂತೆ ತೂಗಾಡಲು ಬಿಟ್ಟೇ ಕಟ್ಟಿರುತ್ತಾರೆ. ನಡುಕ ಕಂಡೊಡನೆ ಲಿಫ್ಟುಗಳು ಹತ್ತಿರದ ಮಹಡಿಯಲ್ಲಿ ನಿಂತು ಬಾಗಿಲು ತೆರೆಯುವ ಏರ್ಪಾಡು ಇರುತ್ತದೆ. ಕೋಣೆ ಸೇರಿದ ಕೂಡಲೇ ಬಾಗಿಲಿನ ಹಿಂದಿನ ನಕ್ಷೆಯಲ್ಲಿ ತುರ್ತು ಮೆಟ್ಟಿಲನ್ನು ಗುರುತಿಸಿ, ಒಮ್ಮೆ ಅಮ್ಮನನ್ನು ಅಲ್ಲಿಯವರೆಗೆ ನಡೆಸಿಕೊಂಡು ಹೋಗಿ ತೋರಿಸಿದೆ. ಆಮೇಲೆ ಅವರು ನಿಶ್ಚಿಂತೆಯಿಂದ ಮಲಗಿದರು.

ಮಿಯಾಜಿಮಾಕ್ಕೆ ಹೋಗುವವರಿಗೆ ಈ ಸ್ಥಳ ಅತ್ಯುತ್ತಮವೂ ಅಲ್ಲ, ಕೆಟ್ಟದ್ದೂ ಅಲ್ಲ. ನಡೆದುಹೋಗಬಹುದಾದ ದೂರದ ಗುಮ್ಮಟದ ನಿಲ್ದಾಣದಿಂದ ಎರಡನೆಯ ಸಂಖ್ಯೆಯ ಟ್ರಾಮ್ ನೇರ ದೋಣಿಕಟ್ಟೆಯವರೆಗೆ ಹೋಗುತ್ತದೆ, ಆದರೆ ಒಂದು ಗಂಟೆಯ ಹತ್ತಿರ ಹಿಡಿಯುತ್ತದೆ. ರೈಲು ಬೇಗ ತಲುಪಿಸುತ್ತದಾದರೂ ಅದಕ್ಕೆ ಹಿರೋಶಿಮಾ ನಿಲ್ದಾಣಕ್ಕೆ ಹಿಂದಿರುಗಬೇಕು, ಇಲ್ಲವೇ ಆಸ್ಟ್ರಾಮ್‌ನಲ್ಲಿ ಶಿನ್-ಹಕುಶಿಮಾ ನಿಲ್ದಾಣಕ್ಕೆ ಹೋಗಿ ರೈಲು ಬದಲಿಸಬೇಕು. ನಾವು ಉದ್ಯಾನದ ಬಳಿಯಿಂದ ನದಿಯ ಮೂಲಕ ಸಮುದ್ರಕ್ಕಿಳಿದು ಸುಮಾರು 45 ನಿಮಿಷದಲ್ಲಿ ದ್ವೀಪ ಸೇರುವ ದೋಣಿ ಹಿಡಿದೆವು. ಟಿಕೆಟ್ಟು ದುಬಾರಿ, ಆದರೆ ಎರಡು ದಿನ ಕಿಟಕಿಯಿಂದ ನೋಡಿದ್ದ ನದಿಯ ಮೇಲೆಯೇ ತೇಲಿಹೋಗುವ ಸಂತೋಷ ಅದರಲ್ಲಿತ್ತು. ಅಮ್ಮನಿಗೆ ಒಂದು ಮೆಟ್ಟಿಲನ್ನೂ ಹೆಚ್ಚಾಗಿ ಹತ್ತಬೇಕಾಗಲಿಲ್ಲ.

ಕಾಯ್ದಿರಿಸುವವರಿಗೆ ಎರಡು ಮಾತು. ಜಪಾನಿನ ಹಲವು ಜಾಲತಾಣಗಳಲ್ಲಿ ದರವನ್ನು ಕೋಣೆಗಲ್ಲ, ತಲೆಗೆ ಇಷ್ಟು ಎಂದು ತೋರಿಸುತ್ತಾರೆ. ಅಗ್ಗವೆಂದು ಭ್ರಮಿಸದೆ ಎರಡು ಬಾರಿ ಓದಬೇಕು. ಆಗಸ್ಟ್ 6ರ ಸುತ್ತಮುತ್ತ ಮತ್ತು ಏಪ್ರಿಲ್ ಕೊನೆಯಿಂದ ಮೇ ಮೊದಲ ವಾರದವರೆಗಿನ ಜಪಾನೀ ರಜೆಯಲ್ಲಿ ಊರು ತುಂಬಿರುತ್ತದೆ. ಯಾವ ದಿಕ್ಕಿನ ಕೋಣೆ ಬೇಕು ಎಂಬುದನ್ನು ಮಧ್ಯವರ್ತಿಗಳ ಮೇಲೆ ಬಿಡದೆ ನೇರವಾಗಿ ಹೋಟೆಲಿಗೇ ಬರೆದು ಕೇಳಿ, ಉತ್ತರ ಬಂದ ಮೇಲೆ ಹಣ ಕೊಡುವುದು ಒಳ್ಳೆಯದು. ಒಂದೇ ರಾತ್ರಿ ಇರುವವರು, ಅಥವಾ ದಿನವಿಡೀ ಹೊರಗೆ ಸುತ್ತುವ ಯುವಕರು, ನಿಲ್ದಾಣದ ಬಳಿಯ ಅಗ್ಗದ ಹೋಟೆಲಿನಲ್ಲಿ ಇಳಿದು ಉಳಿದ ಹಣವನ್ನು ಪ್ರವಾಸಕ್ಕೆ ಬಳಸಬಹುದು. ಹಿರಿಯರು ಜೊತೆಗಿದ್ದರೆ, ಕನಿಷ್ಠ ಎರಡು ರಾತ್ರಿ ಇರುವುದಾದರೆ, ಈ ಹೋಟೆಲನ್ನು ನಾನು ಮನಸಾರೆ ಶಿಫಾರಸು ಮಾಡುತ್ತೇನೆ.

ಮತ್ತೊಮ್ಮೆ ಹೋದರೆ ಯಾವ ಕಡೆಯ ಕೋಣೆ ಕೇಳಬೇಕು ಎಂದು ಊರಿಗೆ ಬಂದ ಮೇಲೆ ಮನೆಯಲ್ಲಿ ಮಾತಾಯಿತು. ನದಿ, ಸೇತುವೆ, ಗುಮ್ಮಟ ಕಾಣುವ ಬದಿಯೇ ಬೇಕು ಎಂದು ನಾನು. ಅಮ್ಮ ಮಾತ್ರ, ಆ ಮರ ಇರುವ ಕಡೆಯದನ್ನೇ ಕೇಳು ಎಂದಿದ್ದಾರೆ.